ಮಕ್ಕಳ ಬಾಯಿ ಮೂಸಿದ ಮೂವತ್ತು ವರ್ಷ

ಕಳೆದ ತಿಂಗಳು ನಮ್ಮ ಸೊಸೈಟಿಯ ರೈಲ್ವೆ ಅಧಿಕಾರಿಯೊಬ್ಬರ ಮಗಳು ನರ್ಸಿಂಗ್ ಮುಗಿಸಿ ಮಕ್ಕಳ ಕ್ಲಿನಿಕ್ಕೊಂದಕ್ಕೆ ಕೆಲಸಕ್ಕೆ ಸೇರಿದಳು. ಪೇಡೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದು, "ಆಂಟಿ, ನಿಮ್ದು ಎಕ್ಸ್‌ಪೀರಿಯನ್ಸ್ ಇದೆ ನಾ, ಕುಛ್ ಟಿಪ್ಸ್ ಕೊಡಿ" ಎಂದಳು. ಇಂಜೆಕ್ಷನ್ ಚುಚ್ಚುವುದು, ತೂಕ ಬರೆಯುವುದು, ಅಳುವ ತಾಯಂದಿರನ್ನು ಸಮಾಧಾನ ಮಾಡುವುದು ಇವೆಲ್ಲ ಕಾಲೇಜಿನಲ್ಲೇ ಕಲಿಸಿರುತ್ತಾರೆ. ಅಲ್ಲಿ ಕಲಿಸದ ಒಂದೇ ಒಂದು ವಿದ್ಯೆ ನನ್ನ ಹತ್ತಿರ ಇತ್ತು. "ಕೂಸಿನ ಬಾಯಿ ಮೂಸೋದು ಕಲಿ" ಎಂದೆ. ಹುಡುಗಿ ಪೇಡೆಯ ಡಬ್ಬಿಯನ್ನು ಸ್ವಲ್ಪ ತನ್ನ ಕಡೆಗೆ ಎಳೆದುಕೊಂಡಳು.

ಅವಳು ಹೋದ ಮೇಲೆ ನಗು ಬಂತು, ಆಮೇಲೆ ಬೇಸರವೂ ಆಯಿತು. ಹೇಳಬೇಕಾದ್ದನ್ನು ಸರಿಯಾಗಿ ಹೇಳಲಿಲ್ಲವಲ್ಲ ಎನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬಾರದು, ಅವಳಮ್ಮ ಓದಿ ಹೇಳಲಿ. ನಾನು ಯಾವಾಗ ಹೆಡ್ ಸಿಸ್ಟರ್ ಆದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಶಾಲು ಈಗ ಇಸ್ತ್ರಿ ಮೇಜಿನ ಮೇಲೆ ಹಾಸಿದೆ.

ನನ್ನವರು ಬ್ಯಾಂಕಿನಲ್ಲಿದ್ದರು. ಬ್ಯಾಂಕು ಅವರನ್ನು ಧಾರವಾಡದಿಂದ ವಡೋದರಾಕ್ಕೆ, ಅಲ್ಲಿಂದ ಸೂರತ್ತಿಗೆ, ಕೊನೆಗೆ ಅಹಮದಾಬಾದಿಗೆ ಎತ್ತಿ ಎತ್ತಿ ಹಾಕಿತು. ಸ್ಟೀಲ್ ಡಬ್ಬಿಗಳ ಜೊತೆ ನಾನೂ ಹೋದೆ. ಪ್ರತಿ ಊರಿನಲ್ಲೂ ಅವರು ಮನೆ ಹುಡುಕಿದರೆ ನಾನು ಮಕ್ಕಳ ಕ್ಲಿನಿಕ್ ಹುಡುಕುತ್ತಿದ್ದೆ. ನನ್ನ ಮೂಗು ಮಾತ್ರ ಧಾರವಾಡದ್ದೇ. ಹಾಲು ಕೆಡುವ ಅರ್ಧ ಗಂಟೆ ಮೊದಲೇ ನನಗೆ ಗೊತ್ತಾಗುತ್ತಿತ್ತು. ಅವ್ವ ಅದನ್ನು ದೊಡ್ಡ ಗುಣವೆಂದೇನೂ ಹೇಳುತ್ತಿರಲಿಲ್ಲ, "ನಾಯಿ ಮೂಗಿನಾಕಿ" ಎನ್ನುತ್ತಿದ್ದಳು.

ವಡೋದರಾದಲ್ಲಿ ನನಗೆ ಸಿಕ್ಕವರು ಮಹೇಂದ್ರಭಾಯಿ ಡಾಕ್ಟರು. ಆಗಲೇ ತಲೆಯೆಲ್ಲ ಬೆಳ್ಳಗಾಗಿತ್ತು. ಮಗುವನ್ನು ಮೇಜಿನ ಮೇಲೆ ಮಲಗಿಸಿದ ಕೂಡಲೇ ಅವರು ಸ್ಟೆಥಾಸ್ಕೋಪ್ ಮುಟ್ಟುತ್ತಿರಲಿಲ್ಲ, ಬಗ್ಗಿ ಮಗುವಿನ ಬಾಯಿಯ ಹತ್ತಿರ ತಮ್ಮ ಮೂಗು ಇಡುತ್ತಿದ್ದರು. ಹೊಸದಾಗಿ ಬಂದ ತಾಯಂದಿರು ಮುದ್ದು ಕೊಡುತ್ತಿದ್ದಾರೆಂದು ತಿಳಿದು ಸಂತೋಷಪಡುತ್ತಿದ್ದರು.

ಕೆಲಸಕ್ಕೆ ಸೇರಿದ ಎರಡನೇ ವಾರ. ಡಾಕ್ಟರು ಇನ್ನೂ ಬಂದಿರಲಿಲ್ಲ. ನಾಲ್ಕು ತಿಂಗಳ ಗುಂಡು ಗುಂಡಾದ ಕೂಸನ್ನು ಎತ್ತಿಕೊಂಡು ಒಬ್ಬ ಎಳೆಯ ತಾಯಿ ಬಂದಳು. ಕೂಸಿನ ಬಾಯಿ ವಾಸನೆ ಬರುತ್ತದೆ, ಅತ್ತೆ ನನ್ನ ಹಾಲೇ ಕೆಟ್ಟದ್ದು ಅನ್ನುತ್ತಾರೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಹೊಸದಾಗಿ ಕಲಿತ ಗುಜರಾತಿಯಲ್ಲಿ, ನಾಲಿಗೆಯ ಮೇಲೆ ಹಾಲು ಕಟ್ಟುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು, ಒರೆಸದ ತಾಯಿ ಸೋಮಾರಿ ತಾಯಿ ಎಂದು ಹತ್ತು ನಿಮಿಷ ಭಾಷಣ ಮಾಡಿದೆ. ಹಿಂದೆ ಬಂದು ನಿಂತಿದ್ದ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಎರಡು ಬೆರಳಿನಿಂದ ಕೂಸಿನ ಗದ್ದವನ್ನು ಮೇಲೆತ್ತಿದರು. ಕುತ್ತಿಗೆಯ ಮಡಿಕೆಗಳಲ್ಲಿ ಕುಡಿದ ಹಾಲೆಲ್ಲ ಇಳಿದು, ಹುಳಿತು, ಚರ್ಮ ಕೆಂಪಾಗಿತ್ತು. ಅಲ್ಲೊಂದು ಮೊಸರಿನ ಅಂಗಡಿಯೇ ನಡೆದಿತ್ತು. ಕೂಸಿನ ಬಾಯಿ ಗಂಗಾಜಲದಷ್ಟು ಶುದ್ಧವಾಗಿತ್ತು.

ಡಾಕ್ಟರು ಬಯ್ಯಲಿಲ್ಲ. ತಾಯಿ ಹೋದ ಮೇಲೆ ಮೂರು ಬೆರಳು ಮಡಚಿ ತೋರಿಸಿದರು. "ಪಹೇಲಾಂ ನಾಕ್, ಪಛೀ ಟಾರ್ಚ್, ಛೆಲ್ಲೇ ಮೋಢುಂ." ಮೊದಲು ಮೂಗು, ಆಮೇಲೆ ಟಾರ್ಚು, ಕಟ್ಟಕಡೆಗೆ ಬಾಯಿ. ಈ ಬಾಯಿ ಕೂಸಿನದಲ್ಲ, ನಮ್ಮದು. ಮೂಸಿ, ನೋಡಿ, ಆಮೇಲೆ ಮಾತಾಡಬೇಕು ಎಂದು ಅರ್ಥ. ನಾನು ಅದನ್ನು ಮೂರು ಊರಿನ ಮೂರು ಕ್ಲಿನಿಕ್ಕುಗಳಲ್ಲಿ ಹೊಸಬರಿಗೆಲ್ಲ ಹೇಳಿಕೊಟ್ಟೆ. ಹೇಳಿಕೊಡುವವರು ಪಾಲಿಸಲೇಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲವಲ್ಲ.

ನಿಜ ಹೇಳಬೇಕೆಂದರೆ ಎಳೆ ಕೂಸಿನ ಬಾಯಿ ನಾರುವುದು ಕಡಿಮೆ. ಹಲ್ಲಿಲ್ಲ, ಸಂದಿಯಲ್ಲಿ ಸಿಕ್ಕಿಕೊಳ್ಳಲು ಜಾಗವಿಲ್ಲ, ಜೊಲ್ಲು ಇಡೀ ದಿನ ತೊಳೆಯುತ್ತಲೇ ಇರುತ್ತದೆ. ಹಾಗಿದ್ದೂ ವಾಸನೆ ಬಂತೆಂದರೆ ಮನೆಯವರು ಕೂಸನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಲು ಶುರುಮಾಡುತ್ತಾರೆ. ಅತ್ತೆ ಸೊಸೆಯ ಹಾಲನ್ನು ದೂರುತ್ತಾಳೆ, ಸೊಸೆ ಅತ್ತೆಯ ಕಷಾಯವನ್ನು ದೂರುತ್ತಾಳೆ, ಗಂಡ ಪೇಪರ್ ಓದುತ್ತಾನೆ. ಕಾರಣ ನೋಡಿದರೆ ಕೂಸಿಗೆ ಶೀತವಾಗಿ, ಮೂಗು ಕಟ್ಟಿ, ಬಾಯಿ ತೆರೆದು ಮಲಗಿರುತ್ತದೆ. ಬಾಯಿ ಒಣಗಿದರೆ ಯಾರದಾದರೂ ನಾರುತ್ತದೆ. ರೈಲಿನಲ್ಲಿ ನಿಮ್ಮ ಎದುರಿನ ಬರ್ತಿನವರನ್ನು ನೆನಪಿಸಿಕೊಳ್ಳಿ.

ಸೂರತ್ತಿನಲ್ಲಿ ನಾನಿದ್ದ ಕ್ಲಿನಿಕ್ಕು ಸಚಿನ್ ಎಂಬ ಕಾರ್ಖಾನೆಗಳ ಊರಿಗೆ ಹೋಗುವ ರಸ್ತೆಯಲ್ಲಿತ್ತು. ಗಾಳಿ ಆ ಕಡೆಯಿಂದ ಬೀಸಿದ ದಿನ ಕಾರ್ಖಾನೆಗಳ ಗಾಟು ಒಳಗೆಲ್ಲ ತುಂಬಿ ನನ್ನ ಮೂಗಿಗೆ ರಜೆ. ಅಲ್ಲಿನ ಹಂಸಾಬೆನ್ ಡಾಕ್ಟರು ಶಿಸ್ತಿನ ಹೆಂಗಸು. ಮಧ್ಯಾಹ್ನದ ಡಬ್ಬಿಯಲ್ಲಿ ಬೆಳ್ಳುಳ್ಳಿ ತಂದ ಸಿಸ್ಟರ್ ಸಂಜೆಯವರೆಗೆ ಕೂಸುಗಳ ಹತ್ತಿರ ಹೋಗಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ನಾನು ಧಾರವಾಡದ ಶೇಂಗಾ ಚಟ್ನಿ ಬಿಟ್ಟವಳಲ್ಲ. ಒಂದು ದಿನ ಒಂದು ಕೂಸಿನ ಬಾಯಿ ಮೂಸಿ, "ಇದಕ್ಕೆ ಯಾರೋ ಬೆಳ್ಳುಳ್ಳಿ ತಿನ್ನಿಸಿದ್ದಾರೆ" ಎಂದು ಗಂಭೀರವಾಗಿ ಹೇಳಿದೆ. ಹಂಸಾಬೆನ್ ಕೂಸಿನ ಕಡೆ ನೋಡಲಿಲ್ಲ, ನನ್ನ ಡಬ್ಬಿಯ ಕಡೆ ನೋಡಿದರು. ಕೂಸಿಗೆ ಆಗ ಎರಡು ತಿಂಗಳು.

ಅಲ್ಲಿಗೆ ಬರುತ್ತಿದ್ದವರಲ್ಲಿ ವಜ್ರಕ್ಕೆ ಮೆರುಗು ಕೊಡುವ ಕೆಲಸದವನೊಬ್ಬನಿದ್ದ. ಒಂದೂವರೆ ವರ್ಷದ ಮಗಳ ಬಾಯಿ ವಾಸನೆ ಎಂದು ಕರೆದುಕೊಂಡು ಬಂದ. ನಾನು ಟಾರ್ಚು ಹುಡುಕುವಷ್ಟರಲ್ಲಿ ಅವನು ಜೇಬಿನಿಂದ ವಜ್ರ ನೋಡುವ ಪುಟ್ಟ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಮಗಳ ಹಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದ. "ಸಿಸ್ಟರ್, ಮೇಲಿನ ನಾಲ್ಕರಲ್ಲೂ ದೋಷ ಇದೆ. ಈ ಮಾಲು ಪಾಸಾಗೋದಿಲ್ಲ" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಇತ್ತು, ಹುಳುಕಿನ ಮೊದಲ ಹೆಜ್ಜೆ. ಮಲಗಿಸುವಾಗ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಿಗಿಟ್ಟು ಬಿಡುವ ಪದ್ಧತಿ ಆ ಮನೆಯದು. ಬಾಟಲಿ ಬಿಡಿಸಿದೆವು, ಹಲ್ಲು ಉಜ್ಜಲು ಕಲಿಸಿದೆವು. ಪ್ರತಿ ತಿಂಗಳೂ ಅವನು ಬಂದು ಭೂತಗನ್ನಡಿ ಹಾಕಿ ವರದಿ ಒಪ್ಪಿಸುತ್ತಿದ್ದ. ಹಂಸಾಬೆನ್ ಯಾರನ್ನೂ ಹೊಗಳಿದವರಲ್ಲ, ಅವನಿಗೆ ಮಾತ್ರ ಖುರ್ಚಿ ಹಾಕಿಸುತ್ತಿದ್ದರು.

ಆಮೇಲೆ ಅಹಮದಾಬಾದು. ನವರಂಗಪುರದ ಕ್ಲಿನಿಕ್ಕಿನಲ್ಲಿ ನನ್ನ ಕೊನೆಯ ಹನ್ನೊಂದು ವರ್ಷ. ಅಲ್ಲಿನ ಜಿಗರ್ ಡಾಕ್ಟರು ನನ್ನ ಮಗನ ವಯಸ್ಸಿನವರು, ಬುದ್ಧಿವಂತರು, ಕೈಯಲ್ಲಿ ಎರಡು ಫೋನು. ಅವರ ಕಾಲದಲ್ಲೇ ಮಾಸ್ಕು ಬಂತು. ಮಾಸ್ಕು ಹಾಕಿಕೊಂಡ ಮೇಲೆ ಎಲ್ಲ ಮಕ್ಕಳ ಬಾಯಿಯೂ ಒಂದೇ ವಾಸನೆ, ನನ್ನ ಬಾಯಿಯದು. ಮಾಸ್ಕು ಇಳಿದ ಮೇಲೂ ವಿಡಿಯೋ ಕಾಲ್ ಉಳಿಯಿತು. ತಾಯಂದಿರು ಕ್ಯಾಮೆರಾವನ್ನು ಕೂಸಿನ ಬಾಯೊಳಗೇ ಇಳಿಸುವಂತೆ ಹಿಡಿದು, "ಸ್ಮೆಲ್ ಬರ್ತಿದೆಯಾ ಸಿಸ್ಟರ್?" ಎಂದು ಕೇಳುತ್ತಿದ್ದರು. ವಾಸನೆ ಕಳಿಸುವ ಫೋನನ್ನು ಇನ್ನೂ ಯಾರೂ ಮಾಡಿಲ್ಲ, ಮಾಡದಿರಲಿ ಎಂಬುದೇ ನನ್ನ ಪ್ರಾರ್ಥನೆ.

ಈಗ ಹೇಳುವುದು ನಾನು ನಿವೃತ್ತಳಾಗುವ ಹಿಂದಿನ ವರ್ಷದ್ದು. ಇದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಂದೆ.

ಒಂದು ಶನಿವಾರ ಮಧ್ಯಾಹ್ನ ವಿಡಿಯೋದಲ್ಲಿ ಮೇಘನಾ ಎಂಬ ಹುಡುಗಿ ಬಂದಳು. ಮೈಸೂರಿನವಳು, ಇಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಗಂಡ ಶರಣು ಗದಗಿನ ಕಡೆಯವನು, ಅದೇ ಸಂಸ್ಥೆಯಲ್ಲಿ ಇಂಜಿನಿಯರ್. ಕನ್ನಡದವರೆಂದು ಜಿಗರ್ ಡಾಕ್ಟರು ಫೋನನ್ನು ನನ್ನ ಕೈಗೇ ಕೊಟ್ಟರು. ಮೇಘನಾಳ ತೊಡೆಯ ಮೇಲೆ ಹದಿನೈದು ತಿಂಗಳ ಮಗ ಕೂತಿದ್ದ. ಮನೆಯಲ್ಲಿ ಅವನನ್ನು ಗುಂಡ ಎನ್ನುತ್ತಿದ್ದರು.

"ಸಿಸ್ಟರ್, ಒಂದು ವಾರದಿಂದ ಪಾಪು ಬಾಯಿಂದ ಒಂಥರಾ ಸ್ಮೆಲ್. ಕೊಳೆತ ಹಾಗೆ. ದಿನಾ ಬ್ರಷ್ ಮಾಡಿಸ್ತಿದೀನಿ, ಹೋಗ್ತಾನೇ ಇಲ್ಲ. ಮೂಗು ಕೂಡ ಸ್ವಲ್ಪ..."

ಮೂಗಿನ ವಿಷಯ ಅವಳು ಮುಗಿಸಲಿಲ್ಲ. ನಾನೇ ಬಾಯಿ ಹಾಕಿದೆ. ಅವಳ ಹಿಂದೆ, ಚಾಪೆಯ ಮೇಲೆ, ದಿಂಬಿಗೆ ಒರಗಿ ಒಬ್ಬ ಹಿರಿಯ ಹೆಂಗಸು ಸಾಣೆಕಲ್ಲಿನ ಮೇಲೆ ಏನನ್ನೋ ತೇಯುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು.

"ಅದೇನವಾ ಹಿಂದ ತೇಯಾಕತ್ತಾರ?"

ಮೇಘನಾ ದನಿ ತಗ್ಗಿಸಿದಳು. "ನಮ್ಮತ್ತೆ, ಸಿಸ್ಟರ್. ಬಜೆ. ದಿನಾ ನಾಲಿಗೆಗೆ ಹಚ್ತಾರೆ. ಬೇಗ ಮಾತು ಬರತ್ತಂತೆ, ಅದೂ ಕನ್ನಡದಲ್ಲೇ ಬರತ್ತಂತೆ. ಎಲ್ಲಾ ಊರಿಂದಾನೇ ತಂದಿದಾರೆ. ಬಜೆ, ಸಾಣೆಕಲ್ಲು, ಹತ್ತಿ ದಿಂಬು. ನಮ್ಮನೆ ಸ್ಪಂಜಿನ ದಿಂಬು ಕುತ್ತಿಗೆ ಹಿಡಿಯತ್ತಂತೆ."

ನಾನು ನಕ್ಕೆ. ಅವಳೂ ನಕ್ಕಳು. ನಮ್ಮ ಮಾತು ಅತ್ತೆಗೆ ಕೇಳಿಸಬಾರದೆಂದು ಅವಳು ಕಿವಿಯ ಮೇಲೆ ದೊಡ್ಡ ಕಪ್ಪು ಹೆಡ್‌ಫೋನು ಹಾಕಿಕೊಂಡಿದ್ದಳು. ಗುಂಡ ಅದನ್ನು ಎಳೆದೆಳೆದು ಕೀಳುತ್ತಿದ್ದ. ಅದನ್ನೂ ನೋಡಿ ನಕ್ಕೆ. ಆಮೇಲೆ ಮೂವತ್ತು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ತೀರ್ಪು ಕೊಟ್ಟೆ.

"ಬ್ಯಾರೆ ಏನೂ ಇಲ್ಲವಾ. ಬಜಿ ವಾಸನಿ ಅದು. ಅಜ್ಜಿ ಕೈ ತಪ್ಸು, ವಾಸನಿ ತಾನಽ ಹೋಗ್ತೈತಿ."

ಒಳ್ಳೆಯ ಮಾತು ಆಡಿದೆನೆಂದು ಖುಷಿಯಾಯಿತು. ಜಿಗರ್ ಡಾಕ್ಟರಿಗೂ ಹಿಂದಿಯಲ್ಲಿ ಹೇಳಿ ನಗಿಸಿದೆ. ಬಜೆಯನ್ನು ನಾಲಿಗೆಗೆ ಹಚ್ಚಬೇಡಿ ಎಂದು ನಾನು ಇವತ್ತಿಗೂ ಹೇಳುತ್ತೇನೆ, ಆ ಮಾತು ಬೇರೆ. ಆದರೆ ಬಜೆಯ ವಾಸನೆಗೂ ಕೊಳೆತ ವಾಸನೆಗೂ ಸಂಬಂಧವೇ ಇಲ್ಲ. ಒಂದು ಸಲ ಕೂಸಿನ ಹತ್ತಿರ ಹೋಗಿದ್ದರೆ ನನ್ನ ಮೂಗು ಅದನ್ನು ಹೇಳುತ್ತಿತ್ತು. ನಾನು ಫೋನು ಇಟ್ಟು ಚಹಾ ಕುಡಿಯಲು ಹೋದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ ಮಾತು ಆ ಮನೆಯಲ್ಲಿ ಕಾನೂನಾಗಿ ಕೂತಿತ್ತು. ಅದು ನನಗೆ ಗೊತ್ತಾದದ್ದು ಹನ್ನೆರಡು ದಿನಗಳ ಮೇಲೆ.

ಅವತ್ತು ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆದು ಇನ್ನೂ ಗಣಪತಿಗೆ ಊದಿನಕಡ್ಡಿ ಹಚ್ಚುತ್ತಿದ್ದೆ. ಆಟೋದಿಂದ ಮೂವರು ಇಳಿದರು. ಮಗುವನ್ನು ಎತ್ತಿಕೊಂಡ ಶರಣು, ಅವನ ಮುಂದೆ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ ಅವನ ತಾಯಿ ನೀಲಮ್ಮ. ಶರಣು ನೆಲ ನೋಡುತ್ತ ನಿಂತ. ನೀಲಮ್ಮ ನೆಟ್ಟಗೆ ನನ್ನ ಮುಂದೆ ಬಂದು ನಿಂತರು.

"ಅಜ್ಜಿ ಕೈ ತಪ್ಸು ಅಂದಾಕಿ ನೀನಽ ಏನವಾ?"

ಊದಿನಕಡ್ಡಿ ನನ್ನ ಬೆರಳಿಗೆ ತಾಗಿತು. ಹೌದು ಎಂದೆ.

ಅವರು ಎರಡೂ ಕೈಗಳನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ಮೂಸು. ಹನ್ನೆಲ್ಡು ದಿನಾ ಆತು, ಬಜಿ ಮುಟ್ಟಿಲ್ಲ. ಕೂಸಿನ್ನೂ ಮುಟ್ಟಿಲ್ಲ. ಕೆಲಸದಾಕಿ ಎತ್ಕೋತಾಳ, ನಾ ದೂರ ಕುಂತು ನೋಡೇನಿ. ವಾಸನಿ ಕಡಿಮಿ ಆಗಿಲ್ಲ, ಹೆಚ್ಚಾಗೇತಿ. ಸೊಸಿ ಅಂತಾಳ, ನಾ ಆಫೀಸಿಗೆ ಹೋದ ಮ್ಯಾಲೆ ಅತ್ತಿ ಕದ್ದು ಹಚ್ತಾರ ಅಂತ. ಸಂಜಿ ಗಾಡಿಗೆ ಟಿಕೀಟ್ ತಗಸೇನಿ, ಊರಿಗೆ ಹೊಂಟೇನಿ. ಹೋಗೂದ್ರಾಗ ನನಗ ದುಃಖ ಇಲ್ಲ. ಆದ್ರ ಮೊಮ್ಮಗನ ಬಾಯಿ ಕೆಡ್ಸಿದಾಕಿ ಅನ್ನಿಸ್ಕೊಂಡು ಹೋಗಂಗಿಲ್ಲ. ಮೂಸಿ ಹೇಳು."

ಬಜೆಯ ವಾಸನೆ ಹಟಮಾರಿ. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ದಿನಗಟ್ಟಲೆ ಕೂತಿರುತ್ತದೆ. ನಾನು ಆ ಕೈಗಳನ್ನು ಹಿಡಿದು ಮೂಸಿದೆ. ಸೋಪು, ಎಲೆ, ಸುಣ್ಣ, ಒಂದಿಷ್ಟು ಲವಂಗ. ಬಜೆ ಇರಲಿಲ್ಲ. ನನಗೆ ನಾಚಿಕೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ಇಡೀ ಜೀವನ ಬೇರೆಯವರಿಗೆ ಹೇಳಿದವಳು, ಬರೆ ಹಾಕಿದ ಸೌಟು ನನ್ನ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಮೇಘನಾಳೂ ಸ್ಕೂಟರಿನಲ್ಲಿ ಬಂದಳು. ಆಫೀಸಿಗೆ ಹೊರಟವಳು ಗಂಡನ ಫೋನು ಬಂದದ್ದರಿಂದ ಅರ್ಧ ದಾರಿಯಿಂದ ತಿರುಗಿಸಿದ್ದಳು. ಕುತ್ತಿಗೆಯಲ್ಲಿ ಅದೇ ಹೆಡ್‌ಫೋನು ನೇತಾಡುತ್ತಿತ್ತು. "ಅಮ್ಮನ್ನ ಇಲ್ಲಿಗ್ಯಾಕೆ ಕರ್ಕೊಂಡು ಬಂದೆ ಶರಣು?" ಎಂದಳು. ಶರಣು ಇನ್ನೂ ನೆಲವನ್ನೇ ನೋಡುತ್ತಿದ್ದ. ಅಪ್ಪನ ತೋಳಿನಲ್ಲಿದ್ದ ಗುಂಡ ಅಜ್ಜಿಯ ಕಡೆಗೆ ಎರಡೂ ಕೈ ಚಾಚಿದ. ನೀಲಮ್ಮ ಸೊಸೆಯ ಮುಖ ನೋಡಿದರು. ಆಮೇಲೆ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಕಟ್ಟಿದ ಕೈಗಳನ್ನು ನಾನು ಮರೆತಿಲ್ಲ.

ಕೂಸನ್ನು ಮೇಜಿನ ಮೇಲೆ ಕೂರಿಸಿಕೊಂಡೆ. ಬಾಯಿಯ ಹತ್ತಿರ ಮೂಗಿಟ್ಟೆ. ಹಾಲು, ಬಾಳೆಹಣ್ಣು, ಹಿಂದೆ ಎಲ್ಲೋ ಆ ಕೊಳೆತ ವಾಸನೆ. ಅರ್ಧ ಬೆರಳಷ್ಟು ಮೇಲೆ ಹೋದೆ. ಬಲ ಮೂಗಿನಲ್ಲಿ ಏನೂ ಇಲ್ಲ. ಎಡ ಮೂಗಿನ ಹತ್ತಿರ ಹೋದ ತಕ್ಷಣ ನನ್ನ ತಲೆ ಹಿಂದಕ್ಕೆ ಹೋಯಿತು, ಹೂದಾನಿಯಲ್ಲಿ ವಾರಗಟ್ಟಲೆ ನಿಂತ ನೀರಿನ ನಾತ. ಒಂದೇ ಹೊಳ್ಳೆ. ಒಂದೇ ಹೊಳ್ಳೆ ನಾರಿದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ಅರ್ಥ, ಅದನ್ನು ಮೊದಲ ವರ್ಷದ ಸಿಸ್ಟರ್ ಕೂಡ ಹೇಳುತ್ತಾಳೆ. ಟಾರ್ಚು ಬಿಟ್ಟೆ. ಒಳಗೆ ಕಪ್ಪಗೆ ಏನೋ ಕಂಡಿತು.

ಜಿಗರ್ ಡಾಕ್ಟರು ಬಂದು ನೋಡಿದರು. ಚಿಮುಟ ಕಂಡದ್ದೇ ಗುಂಡ ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರೂ ಇಣುಕಿ ನೋಡಿದರು. ಹಿಡಿದು ಕಟ್ಟಿ ತೆಗೆಯುವ ಮೊದಲು ಒಂದು ಉಪಾಯ ನೋಡೋಣ ಎಂದರು ಡಾಕ್ಟರು. ಏನೂ ಸಿಕ್ಕಿಕೊಳ್ಳದ ಹೊಳ್ಳೆಯನ್ನು ಬೆರಳಿನಿಂದ ಒತ್ತಿ, ಮಗುವಿನ ಬಾಯಿಗೆ ಬಾಯಿ ಇಟ್ಟು ಸಣ್ಣಗೆ ಒಮ್ಮೆ ಊದಬೇಕು. ಗಾಳಿ ಹಿಂದಿನಿಂದ ಬಂದು ಸಿಕ್ಕಿಕೊಂಡದ್ದನ್ನು ಹೊರಗೆ ತಳ್ಳುತ್ತದೆ. ಹಳೆಯ ಪದ್ಧತಿ, ಡಾಕ್ಟರ ಎದುರಿಗೇ ಮಾಡಬೇಕಾದದ್ದು, ಇದನ್ನು ಓದಿ ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ. ಮಗು ಯಾರಿಗೆ ಹೆದರುವುದಿಲ್ಲವೋ ಅವರೇ ಊದಬೇಕು ಎಂದರು ಡಾಕ್ಟರು.

ಮೇಘನಾ ಬಗ್ಗಿದಳು. ಹನ್ನೆರಡು ದಿನದಿಂದ ಆ ಬಾಯಿ ಹತ್ತಿರ ಬಂದಾಗಲೆಲ್ಲ ಅವಳ ಮುಖ ತಾನಾಗಿ ಪಕ್ಕಕ್ಕೆ ತಿರುಗುತ್ತಿತ್ತೆಂದು ಆಮೇಲೆ ಅವಳೇ ನನಗೆ ಹೇಳಿ ಅತ್ತಳು. ಈಗ ಗುಂಡನೇ ಮುಖ ತಿರುಗಿಸಿದ. ಎರಡು ಸಲ ಪ್ರಯತ್ನ ಮಾಡಿದಳು. ಅವನು ಅವಳ ಭುಜದ ಮೇಲಿಂದ ಅಜ್ಜಿಗೆ ಕೈ ಚಾಚಿ ಬಿಕ್ಕುತ್ತಿದ್ದ.

"ಅತ್ತೆ, ನೀವು ಮಾಡಿ" ಎಂದಳು ಮೇಘನಾ.

ನೀಲಮ್ಮ ಅಲುಗಾಡಲಿಲ್ಲ. "ಮುಟ್ಲೇನವಾ?" ಎಂದು ಕೇಳಿದರು.

ಆ ಕೋಣೆಯಲ್ಲಿದ್ದ ನಾವೆಲ್ಲರೂ ಒಂದು ಕ್ಷಣ ಎಲ್ಲಿ ನೋಡುವುದೆಂದು ತಿಳಿಯದೆ ಗೋಡೆಯ ಮೇಲಿನ ಲಸಿಕೆಯ ಪಟ್ಟಿ ನೋಡಿದೆವು. "ಮುಟ್ಟಿ ಅತ್ತೆ" ಎಂದಳು ಮೇಘನಾ.

ಬೆನ್ನ ಹಿಂದಿನ ಕೈಗಳು ಬಿಚ್ಚಿಕೊಂಡವು. ಕೂಸು ಅಜ್ಜಿಯ ತೊಡೆಗೆ ಬಂದದ್ದೇ ಅಳು ನಿಂತಿತು. ನಾನು ಬಲ ಹೊಳ್ಳೆ ಒತ್ತಿ ಹಿಡಿದು, "ಯಮ್ಮಾ, ಒಲಿ ಊದೂ ಹಂಗ ಊದಬ್ಯಾಡ್ರಿ. ದೀಪಾ ಆರಸೂವಾಗ ಊದ್ತೀರಲ್ಲ, ಅಷ್ಟಽ" ಎಂದೆ. "ನನಗ ಊದೂದು ಕಲಸ್ತೀಯೇನು" ಎಂದು ನನ್ನ ಕಡೆ ಒಂದು ನೋಟ ಎಸೆದು, ನೀಲಮ್ಮ ಆ ನಾರುವ ಬಾಯಿಗೆ ಸ್ವಲ್ಪವೂ ಅಸಹ್ಯಪಡದೆ ಬಾಯಿ ಇಟ್ಟು ಫೂ ಎಂದರು. ಏನೂ ಆಗಲಿಲ್ಲ. ಎರಡನೆಯ ಸಲ ಫೂ ಎಂದಾಗ ಕಪ್ಪು ಮುದ್ದೆಯೊಂದು ಹಾರಿ ನನ್ನ ಕನ್ನಡಕದ ಮೇಲೆ ಬಂದು ಕೂತಿತು. ಮೂವತ್ತು ವರ್ಷ ನಾನು ವಾಸನೆಗಳನ್ನು ಹುಡುಕಿಕೊಂಡು ಹೋಗಿದ್ದೆ, ಇದೊಂದು ತಾನಾಗಿ ನನ್ನನ್ನು ಹುಡುಕಿಕೊಂಡು ಬಂತು.

ಡಾಕ್ಟರು ಅದನ್ನು ತಟ್ಟೆಗೆ ಹಾಕಿ ತೊಳೆದರು. ಕಡಲೆಬೇಳೆಯಷ್ಟು ಸ್ಪಂಜಿನ ಚೂರು. ಸ್ಪಂಜು ಮೂಗಿನೊಳಗೆ ನೆನೆದು ಕೂತರೆ ಕೆಲವೇ ದಿನಗಳಲ್ಲಿ ಹೀಗೆ ನಾರುತ್ತದೆ.

"ಇದು ಎಲ್ಲಿಂದ ಬಂತು?" ಎಂದಳು ಮೇಘನಾ.

ನಾನು ತಟ್ಟೆ ನೋಡಿದೆ. ಆಮೇಲೆ ಅವಳ ಕುತ್ತಿಗೆ ನೋಡಿದೆ. ಹೆಡ್‌ಫೋನಿನ ಒಂದು ಕಿವಿಯ ಮೆತ್ತೆ ಹರಿದು, ಒಳಗಿನ ಕಪ್ಪು ಸ್ಪಂಜು ಇಣುಕುತ್ತಿತ್ತು, ಅಂಚಿನಲ್ಲಿ ಕಿತ್ತ ಗುರುತು. ಫೋನು ನನಗೆ ವಾಸನೆ ಕಳಿಸಿರಲಿಲ್ಲ, ನಿಜ. ಆದರೆ ಆ ಶನಿವಾರ ಅದು ಚಿತ್ರವನ್ನು ಕಳಿಸಿತ್ತು. ಕೂಸು ಕೀಳುತ್ತಿದ್ದುದನ್ನು ನಾನು ನೋಡಿದ್ದೆ, ನೋಡಿ ನಕ್ಕಿದ್ದೆ. ಕೂಸು ದಿನಾ ಹೀಗೆ ಕಿತ್ತದ್ದು ಎಲ್ಲಿಗೆ ಹೋಗುತ್ತಿತ್ತೆಂದು ಕೇಳಲಿಲ್ಲ, ನನ್ನ ಕಣ್ಣೆಲ್ಲ ಸಾಣೆಕಲ್ಲಿನ ಮೇಲಿತ್ತು.

ನನಗಿಂತ ಮೊದಲೇ ನೀಲಮ್ಮ ಅದನ್ನು ನೋಡಿದ್ದರು. ಎಲ್ಲರಿಗೂ ಕೇಳಿಸುವಂತೆ, "ನನ್ನ ದಿಂಬಿಂದು ಇರಬೇಕು ಬಿಡವಾ. ಹಳೇದಾಗಿ ಹರದೈತಿ" ಎಂದರು.

ಹತ್ತಿಯ ದಿಂಬು. ಸ್ಪಂಜು ಕುತ್ತಿಗೆ ಹಿಡಿಯುತ್ತದೆಂದು ಗದಗಿನಿಂದ ಹೊತ್ತು ತಂದ ದಿಂಬು. ಅದನ್ನು ನನಗೆ ಹೇಳಿದವಳು ಮೇಘನಾಳೇ. ಅವಳ ಕೈ ನಿಧಾನವಾಗಿ ಕುತ್ತಿಗೆಗೆ ಹೋಯಿತು. ಹರಿದ ಮೆತ್ತೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಂಡಳು, ಹೆಡ್‌ಫೋನು ತೆಗೆದು ಚೀಲದೊಳಗೆ ಹಾಕಿ ಜಿಪ್ಪು ಎಳೆದಳು.

ಈಗಲಾದರೂ ನನ್ನ ಬಾಯಿ ತೆರೆಯಬೇಕಾಗಿತ್ತು. "ತಪ್ಪು ನಂದು" ಎಂದೆ. "ಮೂಸದಽ ಹೇಳಿದೆ. ಕೂಸಿನ ಮುಖಾನೂ ಸರಿಯಾಗಿ ನೋಡ್ಲಿಲ್ಲ. ಯಮ್ಮಾ, ನಿಮ್ಮ ಕೈಯಾಗ ಏನೂ ದೋಷ ಇದ್ದಿಲ್ಲ. ನನ್ನ ನಾಲಿಗ್ಯಾಗ ಇತ್ತು." ಜಿಗರ್ ಡಾಕ್ಟರಿಗೆ ಕನ್ನಡ ತಿಳಿಯದು. ಅವರಿಗೂ ಹಿಂದಿಯಲ್ಲಿ ಅಷ್ಟನ್ನೂ ಹೇಳಿದೆ. ಅಂದು ನಗಿಸಿದ್ದೆನಲ್ಲ, ಇಂದೂ ಹೇಳಬೇಕಿತ್ತು.

ನೀಲಮ್ಮ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನಿನ್ನ ನಾಲಿಗಿಗೂ ಸಣ್ಣಾಕಿ ಇದ್ದಾಗ ಯಾರೋ ಬಜಿ ಜಾಸ್ತಿ ಹಚ್ಯಾರ" ಎಂದರು. ಶರಣು ಅವತ್ತು ಮೊದಲ ಸಲ ತಲೆಯೆತ್ತಿದ, ಜೋರಾಗಿ ನಕ್ಕ. ಮೇಘನಾ ಕಣ್ಣೊರೆಸಿಕೊಳ್ಳುತ್ತಲೇ ಅವನ ಕಡೆ ತಿರುಗಿ, "ನಗ್ತಾ ನಿಂತ್ಕೋಬೇಡ. ಸಂಜೆ ಟಿಕೆಟ್ ಕ್ಯಾನ್ಸಲ್ ಮಾಡು" ಎಂದಳು. ನಾಲಿಗೆಗೆ ಏನನ್ನೂ ಹಚ್ಚಬಾರದೆಂದು ಡಾಕ್ಟರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ, ಈ ಸಲ ಬಹಳ ಮೆತ್ತಗೆ. "ಹಚ್ಚಂಗಿಲ್ಲ ಬಿಡು. ಮಾತಾಡಿ ಮಾತಾಡಿನಽ ಕಲಸ್ತೀನಿ" ಎಂದರು ನೀಲಮ್ಮ.

ಇಷ್ಟೆಲ್ಲ ಆಗುವಾಗ ಗುಂಡ ಅಜ್ಜಿಯ ತೊಡೆಯ ಮೇಲೆ ನಿಂತುಕೊಂಡಿದ್ದ. ಇಷ್ಟು ದಿನ ಬಂದವರೆಲ್ಲ ಅವನ ಬಾಯಿ ಮೂಸಿ ಮುಖ ಸಿಂಡರಿಸಿದ್ದರಲ್ಲ, ಅದನ್ನೇ ಒಂದು ಆಟವೆಂದು ತಿಳಿದಿದ್ದನೋ ಏನೋ. ಎರಡೂ ಕೈಯಿಂದ ಅಜ್ಜಿಯ ಗಲ್ಲ ಹಿಡಿದು, ಈಗಷ್ಟೇ ಖಾಲಿಯಾದ ತನ್ನ ಪುಟ್ಟ ಮೂಗನ್ನು ಅವರ ಬಾಯಿಯ ಹತ್ತಿರ ತಂದು ಉಸಿರೆಳೆದುಕೊಂಡ. ಎಲೆ, ಸುಣ್ಣ, ಲವಂಗ. ನಾವೆಲ್ಲ ಅವನು ಮುಖ ತಿರುಗಿಸುತ್ತಾನೆಂದು ಕಾಯುತ್ತಿದ್ದೆವು. ನೀಲಮ್ಮನೂ ಉಸಿರು ಹಿಡಿದು ಕಾಯುತ್ತಿದ್ದರು.

ಮೂವತ್ತು ವರ್ಷದ ಸಿಸ್ಟರ್ ಮಾಡದ್ದನ್ನು ಹದಿನೈದು ತಿಂಗಳವನು ಮಾಡಿದ್ದ. ಹತ್ತಿರ ಹೋಗಿ, ಮೂಸಿ, ಆಮೇಲೆ ತೀರ್ಪು ಕೊಟ್ಟ. ತಲೆಯನ್ನು ಅಜ್ಜಿಯ ಹೆಗಲ ಮೇಲಿಟ್ಟು ಕಣ್ಣು ಮುಚ್ಚಿದ.